ಕಮಾಂಡರ್ ಆಟಕ್ಕೆ ನಮ್ಮನೆ ಕಾನೂನು

ಯೂನೊ ಆಡುವಾಗ ಪ್ಲಸ್ ಫೋರ್ ಮೇಲೆ ಇನ್ನೊಂದು ಪ್ಲಸ್ ಫೋರ್ ಹಾಕಿ, ಪಕ್ಕದವರ ಕೈಗೆ ಎಂಟು ಎಲೆ ತುಂಬಿಸಬಹುದಾ? ನಿಮ್ಮ ಮನೆಯಲ್ಲಿ ‘ಹೌದು’ ಅಂತಾರೆ ಅಂದ್ರೆ ನೀವೊಬ್ಬರೇ ಅಲ್ಲ ಬಿಡಿ. ಹಾಗೆ ಒಂದರ ಮೇಲೊಂದು ಹಾಕುವಂತಿಲ್ಲ ಅಂತ 2019ರಲ್ಲಿ ಯೂನೊ ಕಂಪನಿಯವರೇ ಟ್ವಿಟರ್‌ನಲ್ಲಿ ಹೇಳಿದ್ರು. ಜನ ಒಪ್ಪಿದ್ರಾ? ಇಲ್ಲ. ‘ಆಟ ನಿಮ್ಮದಿರಬಹುದು, ಮನೆ ನಮ್ಮದು’ ಅನ್ನೋ ಧಾಟಿಯಲ್ಲೇ ಉತ್ತರ ಬಂತು.

ಈ ‘ಮನೆ ಕಾನೂನು’ ಅನ್ನೋದು ನಮಗೇನೂ ಹೊಸದಲ್ಲ. ಸ್ಕೂಲಲ್ಲಿ ಡಬ್ಲ್ಯುಡಬ್ಲ್ಯುಇ ಟ್ರಂಪ್ ಕಾರ್ಡ್ ಆಡಿದವರಿಗೆಲ್ಲ ನೆನಪಿರುತ್ತೆ. ಕೆಲವು ಬೀದಿಗಳಲ್ಲಿ ‘ರ‍್ಯಾಂಕ್’ ಕೇಳುವಂತಿರಲಿಲ್ಲ. ಯಾಕಂದ್ರೆ ಒಂದನೇ ರ‍್ಯಾಂಕ್ ಎಲೆ ಇದ್ದವನು ಬರೀ ಅದನ್ನೇ ಕೇಳಿ ಎಲ್ಲರದ್ದೂ ಕಿತ್ಕೊಳ್ತಿದ್ದ. ಇಸ್ಪೀಟಲ್ಲೂ ಅಷ್ಟೇ, ಅಜ್ಜನ ಮನೆಯ ರಮ್ಮಿ ಬೇರೆ, ಹಾಸ್ಟೆಲ್ ರಮ್ಮಿ ಬೇರೆ.

ಆದರೆ ಟ್ರೇಡಿಂಗ್ ಕಾರ್ಡ್ ಗೇಮ್‌ಗಳಲ್ಲಿ ಈ ಮನೆ ಕಾನೂನಿನ ಕಥೆ ಸ್ವಲ್ಪ ಗಂಭೀರ. ಇಸ್ಪೀಟಲ್ಲಿ ಎಲ್ಲರೂ ಆಡೋದು ಅದೇ 52 ಎಲೆಯಲ್ಲಿ. ಇಲ್ಲಿ ಪ್ರತಿಯೊಬ್ಬರೂ ತಮ್ಮ ಡೆಕ್ ತಾವೇ ಕಟ್ಟಿಕೊಂಡು ಬರ್ತಾರೆ, ಅದೂ ತಮ್ಮ ದುಡ್ಡಲ್ಲಿ. ಹಾಗಾಗಿ ಇಲ್ಲಿ ‘ಹೇಗೆ ಆಡಬೇಕು’ ಅನ್ನೋದರ ಜೊತೆ ‘ಏನನ್ನು ತರಬಹುದು’ ಅನ್ನೋದೂ ಸೇರ್ಕೊಳ್ಳುತ್ತೆ. ಎರಡನೆಯದು ಬಂದ ಕೂಡಲೇ ಜೇಬಿನ ವಿಷಯ ಬರುತ್ತೆ. ಜೇಬಿನ ವಿಷಯ ಬಂದ್ಮೇಲೆ ಸ್ನೇಹದ ವಿಷಯಾನೂ ಬರುತ್ತೆ.

ನಾನು ಹೇಳ್ತಿರೋದು ‘ಮ್ಯಾಜಿಕ್: ದ ಗ್ಯಾದರಿಂಗ್’ ಬಗ್ಗೆ. ಗೊತ್ತಿಲ್ಲದವರಿಗೆ ಎರಡು ಸಾಲು: ನೀವೊಬ್ಬ ಮಾಂತ್ರಿಕ. ‘ಲ್ಯಾಂಡ್’ ಎಲೆಗಳು ನಿಮಗೆ ‘ಮಾನಾ’ ಅನ್ನೋ ಶಕ್ತಿ ಕೊಡುತ್ತವೆ. ಆ ಶಕ್ತಿ ಖರ್ಚು ಮಾಡಿ ಜೀವಿಗಳನ್ನು ಕರೀತೀರಿ, ಮಂತ್ರ ಹಾಕ್ತೀರಿ, ಎದುರಾಳಿಯ 20 ಲೈಫನ್ನು ಸೊನ್ನೆಗೆ ಇಳಿಸಿದ್ರೆ ಗೆದ್ದಿರಿ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ಇದನ್ನು ರೂಪಿಸಿದ್ದು, ಅಮೆರಿಕದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1993ರಲ್ಲಿ ಮಾರುಕಟ್ಟೆಗೆ ತಂದಿದ್ದು.

ಮೊದಲ ಮುದ್ರಣದ ನಿಯಮ ಓದಿದ್ರೆ ಈಗ ನಗು ಬರುತ್ತೆ. ಡೆಕ್‌ನಲ್ಲಿ ಕನಿಷ್ಠ 40 ಎಲೆ ಇರಬೇಕು, ಅಷ್ಟೇ. ಒಂದೇ ಎಲೆಯ ಎಷ್ಟು ಪ್ರತಿ ಬೇಕಾದ್ರೂ ಹಾಕ್ಕೋಬಹುದಿತ್ತು. ‘ಒಂದು ಎಲೆ ನಾಲ್ಕಕ್ಕಿಂತ ಹೆಚ್ಚು ಬೇಡ’ ಅನ್ನೋ ಮಿತಿ ಬಂದಿದ್ದು ಆಮೇಲೆ. ಇನ್ನೊಂದು ನಿಯಮ ‘ಆಂಟೆ’. ಆಟ ಶುರುವಾಗುವ ಮೊದಲು ಇಬ್ಬರೂ ತಮ್ಮ ಡೆಕ್‌ನಿಂದ ಒಂದೊಂದು ಎಲೆ ಪಕ್ಕಕ್ಕೆ ಇಡಬೇಕು. ಗೆದ್ದವನಿಗೆ ಎರಡೂ ಸೇರುತ್ತೆ, ಖಾಯಂ ಆಗಿ. ಗೋಲಿ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ದುಡ್ಡು ಕೊಟ್ಟು ತಂದ ಎಲೆಯನ್ನು ಯಾರಿಗೆ ತಾನೇ ಕಳ್ಕೊಳ್ಳೋಕೆ ಇಷ್ಟ? ಅದು ಜೂಜಿನ ಹಾಗೂ ಕಾಣಿಸ್ತಿತ್ತು. ಕ್ರಮೇಣ ಆಂಟೆ ಬಿಟ್ಟೇಹೋಯ್ತು, ಆಂಟೆಯ ಬಗ್ಗೆ ಮಾತಾಡುವ ಎಲೆಗಳಿಗೆಲ್ಲ ನಿಷೇಧ ಬಂತು.

ಅಲಾಸ್ಕಾದಲ್ಲಿ ಹುಟ್ಟಿದ್ದು

ಇವತ್ತು ಮ್ಯಾಜಿಕ್ ಆಡೋರಲ್ಲಿ ಬಹಳ ಜನ ಆಡೋದು ‘ಕಮಾಂಡರ್’ ಎಂಬ ಪ್ರಕಾರವನ್ನು. ಸಾಮಾನ್ಯವಾಗಿ ನಾಲ್ಕು ಜನ, ಪ್ರತಿಯೊಬ್ಬರಿಗೂ 40 ಲೈಫ್, 100 ಎಲೆಯ ಡೆಕ್. ಬೇಸಿಕ್ ಲ್ಯಾಂಡ್ ಬಿಟ್ಟು ಯಾವ ಎಲೆಯೂ ಎರಡು ಸಲ ಇರುವಂತಿಲ್ಲ. ಒಬ್ಬ ‘ಕಮಾಂಡರ್’ ಡೆಕ್‌ನ ಹೊರಗೆ ಕಾಯ್ತಾ ಕೂತಿರ್ತಾನೆ. ಬೇಕಾದಾಗ ಕರೀಬಹುದು. ಸತ್ತರೆ ಮತ್ತೆ ಕರೀಬಹುದು, ಆದರೆ ಪ್ರತಿ ಸಲಕ್ಕೂ ಎರಡು ಮಾನಾ ಹೆಚ್ಚುವರಿ ತೆರಿಗೆ.

ಕುತೂಹಲದ ವಿಷಯ ಏನಂದ್ರೆ, ಇದನ್ನು ಮಾಡಿದ್ದು ಕಂಪನಿ ಅಲ್ಲ. 1990ರ ದಶಕದ ನಡುವಲ್ಲಿ ಅಲಾಸ್ಕಾದಲ್ಲಿ ಆಡಮ್ ಸ್ಟೇಲಿ ಮತ್ತು ಅವನ ಗೆಳೆಯರು ತಮ್ಮ ಪಾಡಿಗೆ ತಾವು ಮಾಡ್ಕೊಂಡ ಮನೆ ಕಾನೂನು ಇದು. 1994ರ ‘ಲೆಜೆಂಡ್ಸ್’ ಸೆಟ್‌ನಲ್ಲಿ ಐದು ‘ಎಲ್ಡರ್ ಡ್ರ್ಯಾಗನ್’ ಎಲೆಗಳಿದ್ದವು, ಒಬ್ಬೊಬ್ಬರಿಗೆ ಒಂದೊಂದು ಡ್ರ್ಯಾಗನ್. ಹಾಗಾಗಿ ಹೆಸರು ‘ಎಲ್ಡರ್ ಡ್ರ್ಯಾಗನ್ ಹೈಲ್ಯಾಂಡರ್’. ಪ್ರತಿ ಎಲೆಯೂ ಒಂದೇ ಇರಬೇಕು ಅನ್ನೋದಕ್ಕೆ ‘ಹೈಲ್ಯಾಂಡರ್’ ಸಿನಿಮಾ ಹೆಸರು. ಆ ಡ್ರ್ಯಾಗನ್‌ಗಳ ಬಲ ಏಳು. ಒಂದೇ ಕಮಾಂಡರ್‌ನಿಂದ 21 ಪೆಟ್ಟು ತಿಂದರೆ ಎಷ್ಟೇ ಲೈಫ್ ಇದ್ರೂ ಔಟ್ ಅನ್ನೋ ನಿಯಮ ಈಗಲೂ ಇದೆಯಲ್ಲ, ಅದರ ಲೆಕ್ಕ ಇಲ್ಲಿದೆ: ಡ್ರ್ಯಾಗನ್ ಮೂರು ಸಲ ಹೊಡೆದ್ರೆ ಏಳು ಮೂರಲೆ ಇಪ್ಪತ್ತೊಂದು. ಆ ಡ್ರ್ಯಾಗನ್‌ಗಳನ್ನು ಈಗ ಯಾರೂ ಹೆಚ್ಚಾಗಿ ಆಡಲ್ಲ. ಆದರೆ ಸಂಖ್ಯೆ ಮಾತ್ರ ಹಳೇ ಕೋಡ್‌ನಲ್ಲಿ ಯಾರೋ ಬರೆದಿಟ್ಟ ಕಾನ್‌ಸ್ಟಂಟ್ ಥರ ಉಳ್ಕೊಂಡಿದೆ. ಯಾರೂ ಮುಟ್ಟೋ ಧೈರ್ಯ ಮಾಡಲ್ಲ.

ಅಮೆರಿಕದ ವಾಯುಪಡೆಯಲ್ಲಿದ್ದ ಶೆಲ್ಡನ್ ಮೆನೆರಿ ಅಲಾಸ್ಕಾದಲ್ಲಿ ಈ ಆಟ ನೋಡಿ ಮೆಚ್ಚಿದ್ರು. ಅವರು ಮ್ಯಾಜಿಕ್ ಟೂರ್ನಿಗಳ ಜಡ್ಜ್ ಕೂಡ. ಹಾಗಾಗಿ ದಿನದ ಕೆಲಸ ಮುಗಿದ ಮೇಲೆ ಜಡ್ಜ್‌ಗಳು ಕೂತು ಆಡೋ ಆಟವಾಗಿ ಇದು ಊರೂರು ಸುತ್ತಿತು. 2011ರಲ್ಲಿ ಕಂಪನಿಯೇ ‘ಕಮಾಂಡರ್’ ಹೆಸರಲ್ಲಿ ಐದು ರೆಡಿಮೇಡ್ ಡೆಕ್ ತಂದಿತು. ಆದರೂ ನಿಯಮ ನೋಡ್ಕೊಳ್ತಿದ್ದದ್ದು ಮೆನೆರಿ ಮತ್ತು ಗೆಳೆಯರ ಸ್ವತಂತ್ರ ‘ರೂಲ್ಸ್ ಕಮಿಟಿ’. ಅವರ ಮೊದಲ ಮಾತೇ ‘ರೂಲ್ ಝೀರೊ’: ಆಟಕ್ಕೆ ಮೊದಲು ಮಾತಾಡ್ಕೊಳ್ಳಿ, ಎಲ್ಲರೂ ಒಪ್ಪಿದ್ರೆ ಯಾವ ನಿಯಮ ಬೇಕಾದ್ರೂ ಬದಲಿಸ್ಕೊಳ್ಳಿ.

ಓದೋಕೆ ಚೆನ್ನಾಗಿದೆ. ಮಾಡೋಕೆ ಕೂತಾಗ ಗೊತ್ತಾಗುತ್ತೆ.

ನಾಲ್ಕು ಜನ ಕೂತರೆ ಲೆಕ್ಕ ಬೇರೆ

ಇಬ್ಬರ ಆಟದಲ್ಲಿ ನಿಮಗಾದ ನಷ್ಟ ನನಗೆ ಲಾಭ. ನಾಲ್ವರಲ್ಲಿ ಹಾಗಲ್ಲ. ನಾನು ನಿಮ್ಮ ಮೇಲೆ ದಾಳಿ ಮಾಡಿದ್ರೆ ನನ್ನ ಸೈನ್ಯವೂ ಸವೆಯುತ್ತೆ, ನಿಮ್ಮದೂ ಸವೆಯುತ್ತೆ. ಏನೂ ಮಾಡದೆ ಕಾಫಿ ಕುಡೀತಾ ಕೂತ ಇನ್ನಿಬ್ಬರಿಗೆ ಲಾಭ. ಆದ್ದರಿಂದ ಯಾರೂ ಮೊದಲು ಕೈ ಎತ್ತಲ್ಲ, ಎಲ್ಲರೂ ಕೋಟೆ ಕಟ್ಕೊಂಡು ಕೂರ್ತಾರೆ. ಆಟ ಮೂರು ಗಂಟೆ ಎಳೆಯುತ್ತೆ. ಇದು ಒಂದು ರೋಗ.

ಎರಡನೇ ರೋಗ ಇದರ ಉಲ್ಟಾ. ಯಾರೋ ಒಬ್ಬನ ಬಗ್ಗೆ ಎಲ್ಲರಿಗೂ ಭಯ, ಮೂವರೂ ಸೇರಿ ಅವನನ್ನು ಮೊದಲು ಮುಗಿಸ್ತಾರೆ. ಅವನು ಮುಂದಿನ ಒಂದೂವರೆ ಗಂಟೆ ರೀಲ್ಸ್ ನೋಡ್ತಾ ಕೂರಬೇಕು.

ನಮ್ಮ ಗುಂಪು ನಾಲ್ಕು ಜನದ್ದು. ಎಲ್ಲರೂ ಬೆಂಗಳೂರಲ್ಲಿ ಐಟಿ, ಶನಿವಾರ ಸಂಜೆ ನನ್ನ ಫ್ಲ್ಯಾಟ್‌ನಲ್ಲಿ ಸೇರ್ತೀವಿ. ಊರ ಹೆಸರಲ್ಲೇ ಕರೀತೀನಿ: ಶಿರಸಿಯವನು, ಹಾಸನದವನು, ದಾವಣಗೆರೆಯವಳು. ಎರಡನೇ ರೋಗ ತಗುಲಿಕೊಂಡಿದ್ದು ಶಿರಸಿಯವನಿಗೆ. ಅವನ ಕಮಾಂಡರ್ ‘ಕ್ರೆಂಕೊ’, ಗಾಬ್ಲಿನ್‌ಗಳ ದಾದಾ. ಅವನನ್ನು ಒಂದು ಸಲ ಬಳಸಿದ್ರೆ ನಿಮ್ಮ ಹತ್ತಿರ ಎಷ್ಟು ಗಾಬ್ಲಿನ್ ಇದೆಯೋ ಅಷ್ಟೇ ಹೊಸ ಗಾಬ್ಲಿನ್ ಹುಟ್ಟುತ್ತೆ. ಅವನೂ ಒಂದು ಗಾಬ್ಲಿನ್. ಅಂದ್ರೆ ಒಂದು, ಎರಡು, ನಾಲ್ಕು, ಎಂಟು, ಹದಿನಾರು. ಚದುರಂಗದ ಮನೆಗಳಲ್ಲಿ ಅಕ್ಕಿಕಾಳು ಇಡೋ ಕಥೆ ಗೊತ್ತಿರೋ ಯಾರಿಗಾದ್ರೂ ಹೆದರಿಕೆ ಆಗಲೇಬೇಕು. ಹಾಗಾಗಿ ಕ್ರೆಂಕೊ ಕಂಡ ಕೂಡಲೇ ಮೂವರೂ ಹೊಡೀತೀವಿ. ಮತ್ತೆ ಕರೆದ್ರೆ ತೆರಿಗೆ: ನಾಲ್ಕು ಮಾನಾದವನು ಆರಾದ, ಎಂಟಾದ. ಅಷ್ಟೊತ್ತಿಗೆ ಆಟ ಕೈಬಿಟ್ಟಿರುತ್ತೆ.

ಆದರೆ ಆ ಡೆಕ್ ನಿಜವಾಗಿ ನಮ್ಮಲ್ಲೇ ಅಗ್ಗದ್ದು. ಗಾಬ್ಲಿನ್ ಎಲೆಗಳು ಚಿಲ್ಲರೆ ಕಾಸಿಗೆ ಸಿಗುತ್ತವೆ. ಆ ಹೊತ್ತಿಗೆ ಅವನ ಕಾಂಟ್ರ್ಯಾಕ್ಟ್ ಮುಗಿದಿತ್ತು, ಹೊಸ ಕೆಲಸ ಇನ್ನೂ ಸಿಕ್ಕಿರಲಿಲ್ಲ, ಬೇರೆ ಡೆಕ್ ಕಟ್ಟೋ ಮಾತೇ ಇರಲಿಲ್ಲ. ಸತತ ನಾಲ್ಕು ಶನಿವಾರ ಅವನೇ ಮೊದಲು ಔಟ್. ಐದನೇ ಶನಿವಾರ ‘ಊರಿಗೆ ಹೋಗ್ಬೇಕು ಮಾರಾಯ’ ಅಂದ. ಆರನೇ ಶನಿವಾರವೂ ಊರಿಗೆ ಹೋಗ್ಬೇಕಿತ್ತು. ಏಳನೇ ವಾರ ದಾವಣಗೆರೆಯವಳು ಗ್ರೂಪಲ್ಲಿ ಬರೆದಳು: ‘ಅವ ಊರಿಗ್ ಹೋಗಿಲ್ಲಪ್ಪಾ. ನಾವs ಓಡ್ಸೀವಿ.’

ಅಲ್ಲಿಂದ ನಮ್ಮ ಕಾನೂನು ತಿದ್ದುಪಡಿ ಶುರು.

ಮೊದಲು ಬಂದಿದ್ದು ಹಾಸನದವನ ಸಲಹೆ, ‘ಶಾಂತಿ ಒಪ್ಪಂದ’: ಮೊದಲ ನಾಲ್ಕು ಸುತ್ತು ಯಾರೂ ಯಾರ ಮೇಲೂ ದಾಳಿ ಮಾಡುವಂತಿಲ್ಲ. ಬಹಳ ಗುಂಪುಗಳಲ್ಲಿ ಇರೋ ನಿಯಮವೇ ಇದು. ಕೇಳೋಕೆ ಎಷ್ಟು ಧರ್ಮದ ಮಾತು! ಎರಡು ಆಟ ಆಡಿದ್ಮೇಲೆ ಶಿರಸಿಯವನೇ ಅದರ ಹುಳುಕು ತೋರಿಸಿದ. ಗಾಬ್ಲಿನ್‌ನಂಥ ಅಗ್ಗದ, ಚುರುಕಿನ ಡೆಕ್‌ಗೆ ಬಲ ಇರೋದೇ ಮೊದಲ ನಾಲ್ಕು ಸುತ್ತಿನಲ್ಲಿ. ಆಮೇಲೆ ದೊಡ್ಡ ದೊಡ್ಡ ಎಲೆಗಳ ಕಾಲ. ಅಂದ್ರೆ ಒಪ್ಪಂದದಿಂದ ರಕ್ಷಣೆ ಸಿಕ್ಕಿದ್ದು ದುಬಾರಿ ಡೆಕ್ ಕಟ್ಟೋಕೆ ಸಮಯ ಬೇಕಾದವರಿಗೆ, ಮುಖ್ಯವಾಗಿ ಹಾಸನದವನಿಗೇ. ‘ನನ್ನ ಉಳಿಸ್ತೀನಿ ಅಂತ ಹೇಳಿ ನನ್ನ ಕೈಯನ್ನೇ ಕಟ್ಟಿದ್ರಲ್ಲ ಮಾರಾಯ’ ಅಂದ. ಒಪ್ಪಂದ ಅವತ್ತೇ ರದ್ದು.

ಇಂಥ ನಿಯಮಗಳಲ್ಲಿ ಇದೇ ತೊಂದರೆ. ‘ಪಾಯ್ಸನ್ 10 ಸಾಲದು, 15 ಮಾಡೋಣ’ ಅಂತ ಕೆಲವರು ಮಾಡ್ಕೊಂಡಿದ್ದಾರೆ. ಲೈಫ್ 20ರಿಂದ 40 ಆದ್ಮೇಲೆ ವಿಷದ ಮಿತಿ ಮಾತ್ರ ಯಾಕೆ ಹತ್ತರಲ್ಲೇ ಇರಬೇಕು ಅಂತ ಅವರ ವಾದ. ಸರಿ ಅನ್ಸುತ್ತೆ. ಆದರೆ ಈಗ ನೀವು ಕೊಲ್ಲಬೇಕಾದ್ದು ಒಬ್ಬರನ್ನಲ್ಲ, ಮೂವರನ್ನು. ಒಟ್ಟು 30 ವಿಷ ಹಂಚಬೇಕಿದ್ದವನು 45 ಹಂಚಬೇಕು. ಆ ಡೆಕ್ ಸತ್ತೇಹೋಗುತ್ತೆ. ಮೊದಲ ಏಳು ಎಲೆ ಚೆನ್ನಾಗಿ ಬಂದಿಲ್ಲ ಅಂದ್ರೆ ಒಂದು ಸಲ ಪುಕ್ಕಟೆ ಬದಲಿಸ್ಕೊಳ್ಳಿ ಅನ್ನೋದು ಅಧಿಕೃತ ನಿಯಮದಲ್ಲೇ ಇದೆ. ‘ಎಷ್ಟು ಸಲ ಬೇಕಾದ್ರೂ’ ಅಂತ ಉದಾರಿಗಳಾದ್ರೆ, ‘ಸೋಲ್ ರಿಂಗ್’ ಬರೋ ತನಕ ಕಲಸ್ತಾನೇ ಇರೋ ಮಹಾನುಭಾವರು ಹುಟ್ಕೊಳ್ತಾರೆ. ಯಾವ ನಿಯಮವನ್ನಾದ್ರೂ ಬದಲಿಸೋ ಮುಂಚೆ ‘ಇದರಿಂದ ಯಾರ ಡೆಕ್‌ಗೆ ಏಟು’ ಅಂತ ಕೇಳೋದು ಈಗ ನಮಗೆ ಅಭ್ಯಾಸ.

ಎರಡನೇ ಪ್ರಯತ್ನ ದಾವಣಗೆರೆಯವಳದ್ದು, ‘ದೆವ್ವದ ನಿಯಮ’. ಸತ್ತವರು ಎದ್ದು ಹೋಗಲ್ಲ, ದೆವ್ವ ಆಗಿ ಕೂರ್ತಾರೆ. ಪ್ರತಿ ಸುತ್ತಿಗೊಮ್ಮೆ ಬದುಕಿರುವ ಯಾರಾದ್ರೂ ಒಬ್ಬರಿಗೆ ಒಂದು ಹೆಚ್ಚುವರಿ ಎಲೆ ಎಳೆಯೋ ವರ ಕೊಡ್ತಾರೆ. ಇದು ಸಖತ್ ಮಜಾ ಕೊಡ್ತು. ಸತ್ತವರ ಮುಂದೆ ಬದುಕಿದವರು ಕೈಕಟ್ಟಿ ನಿಂತು ‘ನನಗೆ ಕೊಡು, ಅವನನ್ನ ನಾನು ನೋಡ್ಕೊಳ್ತೀನಿ’ ಅಂತ ಚೌಕಾಶಿ. ಅಡ್ಡಪರಿಣಾಮವೂ ಬಂತು. ದೆವ್ವ ಸಾಮಾನ್ಯವಾಗಿ ತನ್ನನ್ನು ಕೊಂದವನ ವಿರುದ್ಧವೇ ಕೆಲಸ ಮಾಡುತ್ತೆ. ಹಾಗಾಗಿ ಮೊದಲ ಕೊಲೆ ಮಾಡೋಕೆ ಯಾರೂ ತಯಾರಿಲ್ಲ, ಆಟ ಮತ್ತೆ ಮೊದಲನೇ ರೋಗದ ಕಡೆ ವಾಲಿತು.

ಎಲ್ಲ ಬದಲಿಸಿದ್ದು ಕಿರೀಟ. ‘ಮೋನಾರ್ಕ್’ ಅನ್ನೋದು 2016ರ ‘ಕಾನ್‌ಸ್ಪಿರಸಿ: ಟೇಕ್ ದ ಕ್ರೌನ್’ ಸೆಟ್‌ನಲ್ಲಿ ಬಂದ ಅಧಿಕೃತ ವ್ಯವಸ್ಥೆ. ರಾಜನಾದವನಿಗೆ ತನ್ನ ಪ್ರತಿ ಸರದಿಯ ಕೊನೆಯಲ್ಲಿ ಒಂದು ಎಲೆ ಹೆಚ್ಚುವರಿ. ಯಾವುದೇ ಜೀವಿ ಯುದ್ಧದಲ್ಲಿ ರಾಜನಿಗೆ ಪೆಟ್ಟು ಮುಟ್ಟಿಸಿದ್ರೆ ಆ ಜೀವಿಯ ಒಡೆಯ ಹೊಸ ರಾಜ. ಸಾಮಾನ್ಯವಾಗಿ ಯಾರಾದ್ರೂ ಅದಕ್ಕೆ ಸಂಬಂಧಿಸಿದ ಎಲೆ ಆಡಿದಾಗ ಮಾತ್ರ ಕಿರೀಟ ಆಟಕ್ಕೆ ಬರುತ್ತೆ. ನಾವು ಅದನ್ನು ಮೊದಲಿಂದಲೇ ಮೇಜಿನ ಮಧ್ಯೆ ಇಟ್ವಿ. ಯಾರು ಯಾರಿಗಾದ್ರೂ ಮೊದಲ ಪೆಟ್ಟು ಕೊಡ್ತಾರೋ ಅವರಿಗೆ ಕಿರೀಟ. ನಮ್ಮ ಕಿರೀಟ ಅಂದ್ರೆ ದಸರಾ ಎಕ್ಸಿಬಿಷನ್‌ನಲ್ಲಿ ತಗೊಂಡ ಪುಟಾಣಿ ಮೈಸೂರು ಪೇಟ.

ಈಗ ಲೆಕ್ಕ ನೋಡಿ. ಕೋಟೆ ಕಟ್ಕೊಂಡು ಕೂತರೆ ಪ್ರತಿ ಸುತ್ತಿಗೂ ಇನ್ನೊಬ್ಬರಿಗೆ ಒಂದು ಎಲೆ ಪುಕ್ಕಟೆ ಹೋಗ್ತಿದೆ. ಹಾಗಾಗಿ ದಾಳಿ ಮಾಡೋಕೆ ಎಲ್ಲರಿಗೂ ಕಾರಣ ಸಿಕ್ತು. ಎರಡನೆಯದಾಗಿ, ಎಲ್ಲರೂ ಒಬ್ಬನನ್ನೇ ಹೊಡೆಯೋ ಬದಲು ಪೇಟ ಯಾರ ಮುಂದಿದೆಯೋ ಅವರನ್ನ ಹೊಡೀತಾರೆ, ಗುರಿ ಸುತ್ತುತ್ತಾ ಇರುತ್ತೆ. ಮೂರನೆಯದು ನಾವ್ಯಾರೂ ಮುಂಚೆ ಯೋಚಿಸಿರದ್ದು: ಕೆಂಪು ಬಣ್ಣದ ಡೆಕ್‌ಗಳಿಗೆ ಎಲೆ ಎಳೆಯೋ ಶಕ್ತಿ ಕಡಿಮೆ, ಕೈ ಬೇಗ ಖಾಲಿ. ಎರಡನೇ ಸುತ್ತಿಗೇ ಒಂದು ಪುಟ್ಟ ಗಾಬ್ಲಿನ್ ಕಳಿಸಿ ಪೇಟ ಹೊಡ್ಕೊಂಡ್ರೆ ಆ ಕೊರತೆ ನೀಗುತ್ತೆ. ಅಗ್ಗದ ಡೆಕ್ ಏಕ್‌ದಮ್ ಸಮಕ್ಕೆ ನಿಂತಿತು. ಶಿರಸಿಯವನು ವಾಪಸ್ ಬಂದು ಆಡಿದ ಎರಡನೇ ಶನಿವಾರ 32 ಗಾಬ್ಲಿನ್ ಬಿಟ್ಟು ಇಬ್ಬರನ್ನ ಒಂದೇ ಸರದಿಯಲ್ಲಿ ಮುಗಿಸಿದ. ಸತ್ತವರಲ್ಲಿ ನಾನೂ ಒಬ್ಬ. ದೆವ್ವವಾಗಿ ಮಾಡಿದ ನನ್ನ ಪ್ರಯತ್ನಗಳು ಕೆಲಸಕ್ಕೆ ಬರಲಿಲ್ಲ.

ಜೊತೆಗೆ ಇನ್ನೊಂದು ಸಣ್ಣ ನಿಯಮ ಸೇರಿಸಿದ್ದೀವಿ: ಮೊದಲ ಸಾವಿನ ನಂತರ ಮೂರು ಸುತ್ತು ಮಾತ್ರ, ಅಷ್ಟರಲ್ಲಿ ಮುಗಿಯದಿದ್ರೆ ಡ್ರಾ. ಸೋಲ್ತಿರುವವನು ಡ್ರಾಗಾಗಿ ಎಳೀತಾನೆ ಅನ್ನೋದು ನಿಜ. ಅದಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ.

ಜೆರಾಕ್ಸ್ ಪ್ರಶ್ನೆ

ಆಡೋ ನಿಯಮದ ಜಗಳ ಸಲೀಸಾಗಿ ಮುಗೀತು. ದುಡ್ಡಿನದ್ದು ಅಷ್ಟು ಸುಲಭ ಇರಲಿಲ್ಲ.

‘ಪ್ರಾಕ್ಸಿ’ ಅಂದ್ರೆ ಅಸಲಿ ಎಲೆಯ ಬದಲು ಅದರ ಪ್ರಿಂಟ್. ಕಲರ್ ಜೆರಾಕ್ಸ್ ತೆಗೆಸಿ, ಕತ್ತರಿಸಿ, ಪ್ಲಾಸ್ಟಿಕ್ ಸ್ಲೀವ್ ಒಳಗೆ ಒಂದು ಲ್ಯಾಂಡ್ ಎಲೆಯ ಮುಂದೆ ಇಟ್ರೆ ಆಯ್ತು. ಅಧಿಕೃತ ಟೂರ್ನಿಯಲ್ಲಿ ನಡೆಯಲ್ಲ, ಅದನ್ನು ಅಸಲಿ ಅಂತ ಮಾರಿದ್ರೆ ಶುದ್ಧ ಮೋಸ. ಮನೆಯಲ್ಲಿ ಆಡೋಕೆ? ದಾವಣಗೆರೆಯವಳ ಪ್ರಕಾರ ಧಾರಾಳವಾಗಿ ಬಿಡಬೇಕು, ಆಟ ಬುದ್ಧಿಯದ್ದಾಗಬೇಕೇ ಹೊರತು ಕ್ರೆಡಿಟ್ ಕಾರ್ಡಿನದ್ದಲ್ಲ. ಹಾಸನದವನಿಗೆ ಸಿಟ್ಟು ಬಂತು. ‘ನಾನು ಐದು ವರ್ಷದಿಂದ ಒಂದೊಂದೇ ಕೂಡಿಟ್ಟಿದ್ದೀನಿ. ಇಪ್ಪತ್ತು ರೂಪಾಯಿಗೆ ಅದನ್ನೇ ಎಲ್ಲರೂ ತಂದ್ರೆ ನಾನ್ಯಾಕೆ ಕೂಡಿಟ್ಟೆ ಮಗಾ?’ ಈ ಪ್ರಶ್ನೆಯನ್ನ ಹೊಟ್ಟೆಕಿಚ್ಚು ಅಂತ ತಳ್ಳಿಹಾಕೋದು ಸರಿಯಲ್ಲ ಅಂತ ನನಗನ್ನಿಸಿತು. ಹುಡುಕೋದು, ಅದಲುಬದಲು ಮಾಡ್ಕೊಳ್ಳೋದು ಈ ಆಟದ ಅರ್ಧ ಸುಖ. ಹೆಸರಲ್ಲೇ ‘ಟ್ರೇಡಿಂಗ್’ ಇದೆ.

ಕೊನೆಗೆ ನಿಂತ ರಾಜಿ: ಡೆಕ್‌ಗೆ ಹತ್ತು ಪ್ರಾಕ್ಸಿ ಮಾತ್ರ. ಅದೂ ನಮ್ಮ ನಾಲ್ವರಲ್ಲಿ ಯಾರ ಹತ್ತಿರವಾದ್ರೂ ಅಸಲಿ ಇರೋ ಎಲೆಗೆ ಮಾತ್ರ. ಇದರಿಂದ ಒಂದು ತಮಾಷೆ ನಡೀತು. ಹಾಸನದವನ ಆಲ್ಬಮ್ ನಮ್ಮೆಲ್ಲರ ಲೈಬ್ರರಿ ಆಯ್ತು. ಈಗ ಅವನೇ ಗ್ರೂಪಲ್ಲಿ ಫೋಟೊ ಹಾಕಿ ‘ಹೊಸದು ಬಂದಿದೆ, ಯಾರಿಗೆ ಬೇಕು’ ಅಂತ ಕೇಳ್ತಾನೆ.

2024ರ ಸೆಪ್ಟೆಂಬರ್‌ನಲ್ಲಿ ಇದೇ ದುಡ್ಡಿನ ಪ್ರಶ್ನೆ ಇಡೀ ಜಗತ್ತಿನ ಮಟ್ಟದಲ್ಲಿ ಸಿಡಿಯಿತು. ರೂಲ್ಸ್ ಕಮಿಟಿ ಒಂದೇ ಏಟಿಗೆ ನಾಲ್ಕು ಎಲೆ ನಿಷೇಧಿಸಿತು. ಅದರಲ್ಲಿ ‘ಮಾನಾ ಕ್ರಿಪ್ಟ್’, ‘ಜ್ಯುವೆಲ್ಡ್ ಲೋಟಸ್’ ಸೇರಿದ್ದವು. ಮಾನಾ ಕ್ರಿಪ್ಟ್‌ಗೆ ಖರ್ಚು ಸೊನ್ನೆ, ಪ್ರತಿ ಸರದಿಗೂ ಎರಡು ಮಾನಾ, ಬೆಲೆ ನೂರು ಡಾಲರ್‌ಗೂ ಮೇಲೆ. ಆಟಕ್ಕೆ ನಿಷೇಧ ಒಳ್ಳೇದೇ: ಮೊದಲ ಸುತ್ತಲ್ಲೇ ಅದು ಬಂದವನು ಉಳಿದವರಿಗಿಂತ ಎರಡು ಹೆಜ್ಜೆ ಮುಂದೆ. ಆದರೆ ಅಷ್ಟು ಕೊಟ್ಟು ಕೊಂಡವರ ಎಲೆಯ ಬೆಲೆ ಕುಸಿಯಿತು. ಸಿಟ್ಟು ಎಲ್ಲಿಗೆ ಹೋಯ್ತು ಅಂದ್ರೆ, ಸಂಬಳವಿಲ್ಲದೆ ನಿಯಮ ನೋಡ್ಕೊಳ್ತಿದ್ದ ಆ ಕಮಿಟಿಯವರಿಗೆ ಬೆದರಿಕೆಗಳು ಬಂದವು. ಒಂದು ವಾರದಲ್ಲಿ ಅವರು ಕಮಾಂಡರ್ ಜವಾಬ್ದಾರಿಯನ್ನು ವಿಝರ್ಡ್ಸ್ ಕಂಪನಿಗೆ ಒಪ್ಪಿಸಿಬಿಟ್ರು. ಮೆನೆರಿ ಅದಕ್ಕೆ ಒಂದು ವರ್ಷ ಮುಂಚೆ, 2023ರ ಸೆಪ್ಟೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಅಲಾಸ್ಕಾದ ಗೆಳೆಯರ ಮನೆ ಕಾನೂನು ಕೊನೆಗೂ ಕಂಪನಿ ಕಾನೂನಾಯ್ತು.

2025ರಲ್ಲಿ ಕಂಪನಿ ‘ಬ್ರ್ಯಾಕೆಟ್’ ಅಂತ ಐದು ಹಂತ ತಂದಿದೆ. ಡೆಕ್ ಎಷ್ಟು ಬಲಶಾಲಿ ಅಂತ ಮೊದಲೇ ಹೇಳ್ಕೊಳ್ಳೋಕೆ. ‘ಗೇಮ್ ಚೇಂಜರ್’ ಅಂತ ಗುರುತಿಸಿದ ಎಲೆಗಳ ಪಟ್ಟಿಯೂ ಇದೆ: ಮೊದಲ ಎರಡು ಹಂತದಲ್ಲಿ ಅವು ಇರುವಂತಿಲ್ಲ, ಮೂರನೇ ಹಂತದಲ್ಲಿ ಗರಿಷ್ಠ ಮೂರು. ಅಂಗಡಿಯಲ್ಲಿ ಅಪರಿಚಿತರ ಜೊತೆ ಆಡೋವಾಗ ಇದು ಬಹಳ ಉಪಯೋಗಕ್ಕೆ ಬರುತ್ತೆ. ‘ನನ್ನ ಡೆಕ್ ಏನೂ ಅಂಥಾ ಸ್ಟ್ರಾಂಗ್ ಇಲ್ಲ ಬ್ರೋ’ ಅನ್ನೋ ಮಾತಿನ ಮೇಲೆ ನನಗಂತೂ ಯಾವತ್ತೂ ನಂಬಿಕೆ ಇರಲಿಲ್ಲ.

ನಮ್ಮ ಹಾಸನದವನ ಹತ್ತಿರ ಒಂದು ಅಸಲಿ ಮಾನಾ ಕ್ರಿಪ್ಟ್ ಇತ್ತು. ನಿಷೇಧ ಬಂದ ಶನಿವಾರ ಮುಖ ಸಪ್ಪೆ ಮಾಡ್ಕೊಂಡು ಬಂದ. ‘ನಮ್ಮನೆಯಲ್ಲಿ ನಮ್ಮ ಕಾನೂನು ತಾನೇ? ಇಲ್ಲಿ ಮಾತ್ರ ಬಿಡೋಣ’ ಅಂದ. ಮತಕ್ಕೆ ಹಾಕಿದ್ವಿ, ಮೂರು ವೋಟು ಅವನ ಪರ. ಹಾಗಾದ್ರೆ ನಮ್ಮ ಪ್ರಾಕ್ಸಿ ನಿಯಮದ ಪ್ರಕಾರ ನಾವು ಮೂವರೂ ಅದರ ಜೆರಾಕ್ಸ್ ಹಾಕ್ಕೋಬಹುದು, ಅಲ್ವಾ? ಹಾಕ್ಕೊಂಡ್ವಿ. ನಾಲ್ವರ ಡೆಕ್‌ನಲ್ಲೂ ಕ್ರಿಪ್ಟ್. ಎರಡು ವಾರ ಆಡಿದ್ಮೇಲೆ ಅವನೇ ತನ್ನದನ್ನು ತೆಗೆದು ಆಲ್ಬಮ್‌ಗೆ ಸೇರಿಸಿದ. ‘ಎಲ್ಲರ ಹತ್ರಾನೂ ಇದ್ರೆ ಏನ್ ಮಜಾ ಬಿಡ್ರೋ.’

ಗ್ರೂಪಲ್ಲಿ ಪಿನ್ ಮಾಡಿದ ಮೆಸೇಜ್‌ನಲ್ಲಿ ಈಗ ನಮ್ಮ ನಿಯಮಗಳೆಲ್ಲ ಸೇರಿ ಒಂಬತ್ತು ಸಾಲು ಇವೆ. ಆಟದ ಮಧ್ಯೆ ಯಾವುದನ್ನೂ ಬದಲಿಸುವಂತಿಲ್ಲ (ಶುಕ್ರವಾರ ಸಂಜೆ ಡಿಪ್ಲಾಯ್ ಮಾಡಬಾರದು ಅನ್ನೋಷ್ಟೇ ಕಟ್ಟುನಿಟ್ಟು). ಹೊಸ ನಿಯಮ ಮೂರು ಆಟ ಪರೀಕ್ಷೆಗೆ, ಆಮೇಲೆ ವೋಟು.

ಹೊಸದಾಗಿ ಒಂದು ಬರ್ತಾ ಇದೆ. ದಾವಣಗೆರೆಯವಳ ತಂಗಿ ಪಿಜಿಗೆ ಬಂದಿದ್ದಾಳೆ, ಈ ಶನಿವಾರದಿಂದ ನಾವು ಐದು ಜನ. ಕಮಾಂಡರ್ ಐದು ಜನಕ್ಕೆ ಆದ್ರೆ ಒಬ್ಬರ ಸರದಿ ಬರೋಷ್ಟರಲ್ಲಿ ಇನ್ನೊಬ್ಬರು ಅಡುಗೆ ಮಾಡಿ ಮುಗಿಸಬಹುದು. ಅದಕ್ಕೆ ‘ಸ್ಟಾರ್’ ಆಡೋಣ ಅಂತ ಮಾತಾಗಿದೆ. ಒಬ್ಬೊಬ್ಬರದ್ದು ಒಂದೊಂದೇ ಬಣ್ಣದ ಡೆಕ್. ಎಲೆಯ ಹಿಂಬದಿಯಲ್ಲಿ ಇರೋ ಕ್ರಮದಲ್ಲೇ ಮೇಜಿನ ಸುತ್ತ ಕೂರಬೇಕು: ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು. ಅಕ್ಕಪಕ್ಕದವರು ಮಿತ್ರರು, ಎದುರಿನ ಇಬ್ಬರು ಶತ್ರುಗಳು. ಆ ಇಬ್ಬರು ಯಾರ ಕೈಯಲ್ಲಿ ಸತ್ತರೂ ನೀವು ಗೆದ್ದಹಾಗೆ. ಹಾಗಾಗಿ ಮಿತ್ರನನ್ನು ಉಳಿಸ್ಕೊಳ್ಳೋದು ಲಾಭ, ಆಟವೂ ಬೇಗ ಮುಗಿಯುತ್ತೆ.

ತಂಗಿಗೆ ಪೋಕೆಮಾನ್ ಗೊತ್ತು, ಮ್ಯಾಜಿಕ್ ಗೊತ್ತಿಲ್ಲ. ಹಸಿರು ಬೇಕಂತೆ. ಅಂದ್ರೆ ಅಕ್ಕನ ನೀಲಿಯೂ ಹಾಸನದವನ ಕಪ್ಪೂ ಅವಳ ಶತ್ರುಗಳು. ಶಿರಸಿಯವನು ಕೆಂಪು ಬಿಟ್ಟುಕೊಡಲ್ಲ ಅಂದಿದ್ದಾನೆ, ಹೊಸ ಕೆಲಸದ ಮೊದಲ ಸಂಬಳದಲ್ಲಿ ಇನ್ನಷ್ಟು ಗಾಬ್ಲಿನ್ ಬೇರೆ ತರಿಸಿದ್ದಾನೆ. ಹಾಗಾಗಿ ಆ ಹುಡುಗಿಯ ಮೊದಲ ಆಟದಲ್ಲಿ ಅವಳ ಪಕ್ಕದ ಕುರ್ಚಿಯಲ್ಲೇ ಕ್ರೆಂಕೊ ಕೂತಿರ್ತಾನೆ.